ಕೈಬೀಸಿ ಕರೆದ ವೈಪರ್

ದುಮ್ಮವಾಡದ ಮಡಿವಾಳೆಪ್ಪ ತನ್ನ ಹಿತ್ತಲಿನ ತಗಡಿನ ಶೆಡ್ಡಿಗೆ ‘ವರ್ಕ್‌ಶಾಪ್’ ಎಂದು ನಾಮಕರಣ ಮಾಡಿದ ದಿನವೇ ಅವನ ಹೆಂಡತಿ ಗಿರಿಜವ್ವ ಮಿಕ್ಸರನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದಳು. ಮೂವತ್ತೆಂಟು ವರ್ಷ ಲೈನ್‌ಮನ್ ಆಗಿ ಕಂಬ ಹತ್ತಿ ಇಳಿದ ಮನುಷ್ಯ ನಿವೃತ್ತಿಯಾದ ಮೇಲೆ ಸುಮ್ಮನೆ ಕೂಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಸುಮ್ಮನೆ ಕೂತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂಬುದು ಆಮೇಲೆ ಗೊತ್ತಾಯಿತು. ಮೊದಲ ವರ್ಷ ಅವನು ಹಳೆಯ ಇಸ್ತ್ರಿಪೆಟ್ಟಿಗೆಯಿಂದ ರೊಟ್ಟಿ ಸುಡುವ ಯಂತ್ರ ಮಾಡಿದ. ರೊಟ್ಟಿ ಸುಡಲಿಲ್ಲ, ಅಂಗೈ ಸುಟ್ಟಿತು. ಎರಡನೆಯ ವರ್ಷ ಎಮ್ಮೆಗೆ ಸೊಳ್ಳೆ ಕಡಿಯದಿರಲೆಂದು ದನದ ಕೊಟ್ಟಿಗೆಗೆ ಒಂದು ಗಾಳಿಯಂತ್ರ ಜೋಡಿಸಿದ. ಸೊಳ್ಳೆಗಳು ಅಲ್ಲೇ ಇದ್ದವು. ಎಮ್ಮೆ ಮಾತ್ರ ಕಣ್ಣಿ ಹರಿದುಕೊಂಡು ಹೋಗಿ ಎರಡು ದಿನ ಊರ ಹೊರಗೆ ಇದ್ದು ಬಂತು. ಇವೆಲ್ಲ ಸಣ್ಣಪುಟ್ಟ ಸಾಧನೆಗಳು. ಕಲಘಟಗಿ ತಾಲೂಕಿನ ಬಾಯಲ್ಲಿ ಇಂದಿಗೂ ಉಳಿದಿರುವುದು ಮೂರನೆಯ ವರ್ಷದ ವೈಪರ್.

ಅದಕ್ಕೆ ಮೂಲ ಅವನ ಅಕ್ಕ ಸಾವಿತ್ರೆವ್ವ. ನಮ್ಮ ಕಡೆ ಶ್ರಾವಣದ ಪಂಚಮಿ ಬಂತೆಂದರೆ ಕೊಟ್ಟ ಹೆಣ್ಣುಮಗಳನ್ನು ತವರಿನವರು ಹೋಗಿ ಕರೆದುಕೊಂಡು ಬರಬೇಕು. ಹಿಂದಿನ ದಿನ, ರೊಟ್ಟಿ ಹಬ್ಬದ ಸಂಜೆಗೆ ಅವಳು ತವರಿನ ಹೊಸ್ತಿಲು ತುಳಿಯಬೇಕು, ಪಂಚಮಿಯ ದಿನ ಜೋಕಾಲಿ ಜೀಕಬೇಕು. ಹೆಣ್ಣುಮಗಳಿಗೆ ಹದಿನೆಂಟಾಗಿರಲಿ, ಅರವತ್ತೈದಾಗಿರಲಿ, ಕರೆಯುವುದು ಕರೆಯುವುದೇ. ದೇವಿಕೊಪ್ಪದಲ್ಲಿರುವ ಸಾವಿತ್ರೆವ್ವನಿಗೆ ಅರವತ್ತೈದು. ಅಪ್ಪ ಅವ್ವ ಹೋದ ಮೇಲೆ ತವರೆಂದರೆ ತಮ್ಮ ಒಬ್ಬನೇ. ಮಡಿವಾಳೆಪ್ಪ ನಲವತ್ತು ವರ್ಷದಲ್ಲಿ ಒಂದು ಪಂಚಮಿಯನ್ನೂ ತಪ್ಪಿಸಿರಲಿಲ್ಲ.

ತಪ್ಪಿಸಿರಲಿಲ್ಲ ಸರಿ, ಆದರೆ ಹೋದ ವರ್ಷ ಕೆಡವಿದ್ದ. ಮಳೆಯಲ್ಲಿ ಅಕ್ಕನನ್ನು ಬೈಕಿನ ಹಿಂದೆ ಕೂಡಿಸಿಕೊಂಡು ಬರುವಾಗ ಮೂಗಿನ ಮೇಲಿನ ಚಾಳೀಸಿನ ಗಾಜಿಗೆ ನೀರು ಹೊಡೆದು, ತಿರುವು ಎಲ್ಲಿದೆ ಎಂದು ತಿಳಿಯುವ ಮೊದಲೇ ಇಬ್ಬರೂ ಕೆಸರಿನಲ್ಲಿದ್ದರು. ಅಕ್ಕನ ಬಲ ಮುಂಗೈ ಮುರಿಯಿತು. ಆ ಪಂಚಮಿಗೆ ಅವಳು ಜೋಕಾಲಿಯ ಹಗ್ಗ ಹಿಡಿಯಲಾರದೆ, ಪಟ್ಟಿ ಕಟ್ಟಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಬೇರೆಯವರು ಜೀಕುವುದನ್ನು ನೋಡುತ್ತ ಕೂತಿದ್ದಳು.

ಅವಳ ಗಂಡ ಸುಭಾಸಪ್ಪ ಸಾಮಾನ್ಯ ಮನುಷ್ಯನಲ್ಲ. ಸರ್ಕಾರಿ ಬಸ್ಸಿನಲ್ಲಿ ಟಿಕೀಟು ತಪಾಸಣೆ ಮಾಡುವ ಚೆಕಿಂಗ್ ಸಾಹೇಬನಾಗಿ ನಿವೃತ್ತನಾದವನು. ಈಗಲೂ ಯಾರಾದರೂ ಮನೆಗೆ ಬಂದರೆ ಮೊದಲು ಅವರ ಕೈ ನೋಡುತ್ತಾನೆ, ಆಮೇಲೆ ಮುಖ. ದವಾಖಾನೆಯಲ್ಲಿ ಮುರಿದ ಮುಂಗೈ ನೋಡಿ, ಪಟ್ಟಿ ಹಾಕುತ್ತಿದ್ದ ನರ್ಸಿನ ಮುಂದೆಯೇ ಅವನು ತೀರ್ಪು ಕೊಟ್ಟಿದ್ದ.

“ನನ್ನ ಸರ್ವಿಸಿನ್ಯಾಗ ಒಬ್ಬ ಪ್ಯಾಸೆಂಜರಿನ ಉಗರು ಮುರದಿಲ್ಲ. ನೀ ಒಂದ ಟ್ರಿಪ್ಪಿಗೆ ಕೈ ಮುರದಿ. ಮುಂದಿನ ವರ್ಷ ಮಳಿಯಾಗ ದಾರಿ ಕಾಣು ಗಾಡಿ ತಂದ್ರ ಕಳಸ್ತೀನಿ. ರೊಟ್ಟಿ ಹಬ್ಬದ ದಿವಸ, ನಾಕು ಗಂಟೇದೊಳಗ. ನಾಕು ಹೊಡದು ಒಂದು ನಿಮಿಷ ಆತಂದ್ರ ನಿಮ್ಮಕ್ಕನ ಪಂಚಮಿ ಇಲ್ಲೇ ದೇವಿಕೊಪ್ಪದಾಗ.”

ಮಡಿವಾಳೆಪ್ಪ ಒಂದು ಹಳೆಯ ವ್ಯಾನು ಕೊಂಡ. ವ್ಯಾನಿಗೆ ನಾಲ್ಕು ಗಾಲಿ ಇದ್ದವು, ತಲೆಯ ಮೇಲೆ ಸೂರು ಇತ್ತು, ಹಾರ್ನು ಇತ್ತು. ವೈಪರೂ ಇತ್ತು. ಆದರೆ ಬಿಸಿಲಿದ್ದಾಗ ಚೆನ್ನಾಗಿ ಆಡುತ್ತಿದ್ದ ಅದು ಮಳೆಹನಿ ಬಿದ್ದ ಕೂಡಲೇ ನಿಂತುಬಿಡುತ್ತಿತ್ತು. ಬಸ್‌ಸ್ಟ್ಯಾಂಡಿನ ಮುಂದೆ ಗ್ಯಾರೇಜಿಟ್ಟ ಇಮಾಮುದ್ದೀನ ಬಂದು ನೋಡಿ ಹೇಳಿದ, “ಮೋಟಾರ ಸತ್ತೈತ್ರಿ ಕಾಕಾ. ಹುಬ್ಬಳ್ಳಿಂದ ಹೊಸಾದು ತರಸ್ತೀನಿ. ಅರ್ಧಾ ತಾಸಿನ ಕೆಲಸ.”

“ಅರ್ಧಾ ತಾಸಿನ ಕೆಲಸಕ್ಕ ಹುಬ್ಬಳ್ಳಿ ಯಾಕೋ? ಇಪ್ಪತ್ತು ಹಳ್ಳಿಗೆ ಕರೆಂಟ್ ಹರಿಸಿದಾಂವ ನಾ. ಎರಡು ಕಡ್ಡಿ ಆಡಸಾಕ ಆಗೂದಿಲ್ಲೇನ ನನಗ?” ಎಂದ ಮಡಿವಾಳೆಪ್ಪ, ಆ ಅರ್ಧ ತಾಸಿನ ಕೆಲಸವನ್ನು ಹನ್ನೊಂದು ದಿನ ಮಾಡಿದ.

ಹತ್ತಿ ಹೊಲಕ್ಕೆ ಔಷಧ ಹೊಡೆಯುವ ಬ್ಯಾಟರಿ ಪಂಪಿನಿಂದ ಮೋಟಾರು ಬಂತು. ಆ ಮೋಟಾರಿಗೆ ಒಂದೇ ಕಡೆ ಗಿರಗಿರ ತಿರುಗಲು ಬರುತ್ತಿತ್ತು, ಅತ್ತಿತ್ತ ಹೊರಳಲು ಬರುತ್ತಿರಲಿಲ್ಲ. ಅತ್ತಿತ್ತ ಹೊರಳುವುದು ಮನೆಯಲ್ಲಿ ಯಾರಿಗೆ ಬರುತ್ತದೆ ಎಂದು ಯೋಚಿಸಿದಾಗ ಟೇಬಲ್ ಫ್ಯಾನು ಕಣ್ಣಿಗೆ ಬಿತ್ತು. ಅದರ ಕತ್ತು ಹೊರಳಿಸುವ ಗಿಯರು ಒಂದು ಮಧ್ಯಾಹ್ನ ಶೆಡ್ಡು ಸೇರಿತು.

“ಫ್ಯಾನಿನ ಕತ್ತಿಗೆ ಏನಾತ್ರಿ? ಹೊರಳವಲ್ದು,” ಎಂದು ಗಿರಿಜವ್ವ ಕೇಳಿದಳು.

“ಗಟ್ಟಿ ಮಾಡೇನಿ,” ಎಂದ ಮಡಿವಾಳೆಪ್ಪ. ಗಿರಿಜವ್ವ ಫ್ಯಾನನ್ನು ಎತ್ತಿ ತನ್ನ ಹಾಸಿಗೆಯ ಕಡೆ ಮುಖ ಮಾಡಿ ಇಟ್ಟಳು. ಅಂದಿನಿಂದ ಅದು ಅವಳನ್ನೇ ನೋಡುತ್ತಿತ್ತು.

ಇನ್ನು ಉಳಿದದ್ದು ರಬ್ಬರು. ಹಳೆಯ ರಬ್ಬರು ಒಣಗಿ ಗಾಜಿನ ಮೇಲೆ ಗೀರು ಎಳೆಯುತ್ತಿತ್ತು. ಇಡೀ ಮನೆಯಲ್ಲಿ ನಂಬಿಕಸ್ತ ರಬ್ಬರೆಂದರೆ ಒಂದೇ: ನಿವೃತ್ತಿಯ ದಿನ ಜೊತೆಗಾರರು ಶಾಲು, ಹಣ್ಣಿನ ಬುಟ್ಟಿಯ ಜೊತೆ ನೆನಪಿಗೆಂದು ಕೊಟ್ಟಿದ್ದ ಅವನ ಕೆಂಪು ಕೈಗವಸು, ಒಂದು ಜೋಡಿ. ಮಡಿವಾಳೆಪ್ಪ ಅವನ್ನು ಹೊರತೆಗೆದು ಬಹಳ ಹೊತ್ತು ಕೈಯಲ್ಲಿ ಹಿಡಿದು ಕೂತ. ನೌಕರಿ ಸೇರಿದ ವರ್ಷವೇ ಅಕ್ಕನ ಮದುವೆಯಾಗಿತ್ತು. ಅವಳನ್ನು ಗಂಡನ ಮನೆಗೆ ಕಳಿಸುವ ಹೊತ್ತಿಗೆ ಸರಿಯಾಗಿ ಊರಿನ ಕರೆಂಟು ಹೋಗಿ, ಸಾಹೇಬರು ಇವನನ್ನು ಊರ ಹೊರಗಿನ ಕಂಬ ಹತ್ತಿಸಿದ್ದರು. ಮದುವೆ ದಿಬ್ಬಣದ ಟ್ರ್ಯಾಕ್ಟರು ಆ ಕಂಬದ ಕೆಳಗೇ ಹಾದುಹೋಯಿತು. ಇಳಿಯುವಂತಿರಲಿಲ್ಲ. ಕಂಬದ ತುದಿಯಿಂದ ಇಂಥದೇ ಒಂದು ಕೆಂಪು ಕೈಗವಸು ತೊಟ್ಟ ಕೈಯನ್ನು ಬೀಸಿದ್ದ, ಟ್ರ್ಯಾಕ್ಟರು ತಿರುವಿನಲ್ಲಿ ಮರೆಯಾಗುವ ತನಕ ಬೀಸಿದ್ದ. ಆಮೇಲೆ ಕರೆಂಟು ಬಂತು. ಊರವರೆಲ್ಲ ಹೋ ಎಂದು ಕೂಗಿದರು, ಅವನೊಬ್ಬನಿಗೆ ಖುಷಿಯಾಗಲಿಲ್ಲ.

ಈಗ ಕೈಗವಸಿನ ಬೆರಳುಗಳನ್ನು ಕತ್ತರಿಸಿ ಪಟ್ಟಿ ಮಾಡಬೇಕೆಂದು ಕತ್ತರಿ ಎತ್ತಿದ. ಮನಸ್ಸು ಬರಲಿಲ್ಲ. ಇಡಿಯಾಗಿ ವೈಪರಿನ ಕಡ್ಡಿಗಳಿಗೆ ತೊಡಿಸಿ, ಮಣಿಕಟ್ಟಿನ ಹತ್ತಿರ ತಂತಿ ಬಿಗಿದ. ಮೂಲೆಗಳನ್ನು ಬೆರಳುಗಳೇ ಒರೆಸಿಕೊಳ್ಳಲಿ ಎಂದುಕೊಂಡ. ಸ್ವಿಚ್ಚು ಇಡಲಿಲ್ಲ. ಸ್ವಿಚ್ಚುಗಳನ್ನು ನಂಬಬಾರದು ಎಂಬುದು ಅವನ ಮೂವತ್ತೆಂಟು ವರ್ಷದ ಅನುಭವ. ಎಡಗಡೆಯ ಮುಂದಿನ ಸೀಟಿನ ಕೆಳಗೆ ಒಂದು ಫ್ಯೂಜು ಕೂಡಿಸಿದ. ಫ್ಯೂಜು ಹಾಕಿದರೆ ಚಾಲೂ, ಕಿತ್ತರೆ ಬಂದ್.

ಪರೀಕ್ಷೆ ಅದ್ಭುತವಾಗಿ ನಡೆಯಿತು. ಎರಡು ಕೆಂಪು ಕೈಗಳು ನಿಧಾನವಾಗಿ ಎದ್ದು ನಿಂತವು, ಬೆರಳು ಮಡಚುತ್ತ ಎಡಬಾಗಿಲ ಕಡೆಗೆ ಬಾಗಿ ಬಿದ್ದವು, ಮತ್ತೆ ಎದ್ದವು. ಗಾಜು ಕನ್ನಡಿಯಂತಾಯಿತು. ಗಿರಿಜವ್ವ ಸೆರಗು ಬಾಯಿಗಿಟ್ಟುಕೊಂಡು ನೋಡಿ, “ಯಾರನ್ನ ಕರಿಯಾಕತ್ತೈತ್ರಿ ಇದು?” ಎಂದಳು.

ಮಡಿವಾಳೆಪ್ಪ ನಕ್ಕ. ವಿಜ್ಞಾನ ತಿಳಿಯದವರ ಜೊತೆ ಇನ್ನೇನು ಮಾಡುವುದು?

ರೊಟ್ಟಿ ಹಬ್ಬದ ದಿನ ಮಧ್ಯಾಹ್ನ ಒಂದೂವರೆಗೆ ಅವನು ಹೊರಟ. ಜಿಟಿಜಿಟಿ ಮಳೆಯಿತ್ತು. ಹೆಮ್ಮೆಯಿಂದ ಫ್ಯೂಜು ಹಾಕಿದ. ಊರು ದಾಟಿ ಎರಡು ಮೈಲಿ ಹೋಗುವಷ್ಟರಲ್ಲಿ ಮಳೆ ನಿಂತುಹೋಯಿತು. ಫ್ಯೂಜು ಕೀಳಬೇಕೆಂದು ವ್ಯಾನು ನಿಲ್ಲಿಸಿದ. ನಿಲ್ಲಿಸಿದ್ದು ಎಲ್ಲಿ ಎಂದು ಅವನು ನೋಡಲಿಲ್ಲ. ಅದು ಒಂದು ಕ್ರಾಸು. ಅಲ್ಲಿ ಬಸ್ಸು ಕಾಯುವವರ ಕಟ್ಟೆ ಇತ್ತು. ಕಟ್ಟೆಯ ತುಂಬ ತವರಿಗೆ ಹೊರಟ ಹೆಂಗಸರಿದ್ದರು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದಾಗಿನಿಂದ ಹಬ್ಬದ ದಿನ ಬಸ್ಸಿನೊಳಗೆ ಸೂಜಿ ತೂರಲೂ ಜಾಗವಿರುವುದಿಲ್ಲ. ಎರಡು ಬಸ್ಸು ನಿಲ್ಲದೆ ಹೋಗಿದ್ದವು. ಅಂಥ ಹೊತ್ತಿನಲ್ಲಿ ಒಂದು ವ್ಯಾನು ತಾನಾಗಿ ಬಂದು ನಿಂತು, ಎರಡೂ ಕೈ ಎತ್ತಿ, ಬಾಗಿಲ ಕಡೆ ಬೀಸಿ ಬೀಸಿ ಕರೆದರೆ ಯಾರು ತಾನೇ ಸುಮ್ಮನಿರುತ್ತಾರೆ?

ಮಡಿವಾಳೆಪ್ಪ ಬಗ್ಗಿ ಸೀಟಿನ ಕೆಳಗೆ ಕೈ ಹಾಕುವ ಮೊದಲೇ ಎಡಬಾಗಿಲು ತೆರೆಯಿತು. ಎಪ್ಪತ್ತು ದಾಟಿದ ಸಣ್ಣವ್ವ ಎಂಬುವಳು ರೊಟ್ಟಿಯ ಗಂಟಿನ ಸಮೇತ ಮುಂದಿನ ಸೀಟಿನಲ್ಲಿ ಕೂತು, ರವಿಕೆಯಿಂದ ಆಧಾರ್ ಕಾರ್ಡು ತೆಗೆದು ಅವನ ಮೂಗಿನ ಮುಂದೆ ಹಿಡಿದಳು.

“ನೋಡಪಾ. ದೇವಿಕೊಪ್ಪ.”

“ಯವ್ವಾ, ಇದು ಬಸ್ಸಲ್ಲಬೇ.”

“ಗೊತ್ತೈತಿ. ಬಸ್ಸು ಕರದು ಹತ್ತಿಸ್ಕೊಂತೈತೇನು? ನೋಡಿದ್ರೂ ನಿಲ್ಲಂಗಿಲ್ಲ ಅವು. ನೀ ದೊಡ್ಡ ಮನಸ್ಯಾ.”

“ಅಲ್ಲಬೇ, ನಾ ಕರದಿಲ್ಲ. ನೀ ಒಂದೀಟು ಏಳು, ಫ್ಯೂಜ್ ಕೀಳ್ತೀನಿ.”

“ಎರಡೂ ಕೈಲೆ ಕರದು ಈಗ ಏಳು ಅಂತಿಯಲ್ಲೋ! ಮೊಣಕಾಲು ಹಿಡದಾವು ನನಗ. ದೇವಿಕೊಪ್ಪ ಬರೂತನಕ ನಾ ಏಳಂಗಿಲ್ಲ.”

ಈ ಮಾತು ನಡೆಯುವಷ್ಟರಲ್ಲಿ ಹಿಂದೆ ಮೂವರು ಹತ್ತಿದ್ದರು. ಅವರಲ್ಲಿ ಒಬ್ಬಳು ಭಾಗ್ಯಾ, ಹೊಸದಾಗಿ ಮದುವೆಯಾದವಳು, ಮೊದಲ ಪಂಚಮಿ. ಕರೆಯಲು ತವರಿನಲ್ಲಿ ಅಣ್ಣ ತಮ್ಮಂದಿರಿಲ್ಲದೆ ಒಬ್ಬಳೇ ಹೊರಟಿದ್ದಳು. ಅವಳನ್ನು ಇಳಿ ಎನ್ನಲು ಮಡಿವಾಳೆಪ್ಪನಿಗೆ ಬಾಯಿ ಬರಲಿಲ್ಲ. ಪಂಚಮಿಗೆ ತವರಿಗೆ ಹೊರಟ ಹೆಣ್ಣುಮಗಳನ್ನು ದಾರಿಯಲ್ಲಿ ಇಳಿಸಿದವನಿಗೆ ಯಾವ ನರಕ ಎಂದು ಅವನಿಗೆ ಗೊತ್ತಿರಲಿಲ್ಲ, ಆದರೆ ಅಲ್ಲಿ ಫ್ಯಾನು ಇರುವುದಿಲ್ಲ ಎಂಬುದಂತೂ ಖಾತ್ರಿ.

“ಕಾಕಾ, ಸರ್ಕಾರ ಪಂಚಮಿಗಂತ ಗಾಡಿ ಬಿಟ್ಟೈತೇನ್ರಿ?” ಎಂದು ಭಾಗ್ಯಾ ಕೇಳಿದಳು.

“ಇಲ್ಲವಾ, ಇದು ನನ್ನ ಗಾಡಿ. ಇದು ವೈಪರ್. ಔಷಧ ಹೊಡಿಯೂ ಮೋಟಾರ, ಫ್ಯಾನಿನ ಗಿಯರ್…”

ಭಾಗ್ಯಾ ಅಷ್ಟರಲ್ಲಿ ಫೋನಿನಲ್ಲಿ ಒತ್ತುತ್ತಿದ್ದಳು. “ನಮ್ಮ ಮಹಿಳಾ ಸಂಘದ ಗ್ರೂಪಿಗೆ ಹಾಕಿದ್ನಿರಿ ಕಾಕಾ. ಪಾಪ, ದಾರಿಯಾಗ ಭಾಳ ಮಂದಿ ನಿಂತಾರ.”

ಮುಂದಿನ ಸ್ಟಾಪಿನಲ್ಲಿ ಅವನು ನಿಲ್ಲಿಸಲಿಲ್ಲ. ನಿಲ್ಲಿಸಬೇಕಾಗಿಯೂ ಇರಲಿಲ್ಲ. ಹೆಂಗಸರು ಆಧಾರ್ ಕಾರ್ಡು ಎತ್ತಿ ಹಿಡಿದು ರಸ್ತೆಯ ಮಧ್ಯೆಯೇ ನಿಂತಿದ್ದರು. ಕಟ್ಟೆಯ ಮೇಲಿದ್ದ ಒಬ್ಬ ಮುದುಕ ಕೆಂಪು ಕೈಗಳನ್ನು ದಿಟ್ಟಿಸಿ, “ಇಲೆಕ್ಷನ್ ಏನರ ಬಂತೇನ್ರಿ?” ಎಂದು ಕೇಳಿದ. ಕಲಘಟಗಿ ಮುಟ್ಟುವಾಗ ವ್ಯಾನಿನಲ್ಲಿ ಒಂಬತ್ತು ಹೆಂಗಸರು, ಹನ್ನೊಂದು ಗಂಟು, ಉಂಡಿಯ ನಾಲ್ಕು ಡಬ್ಬಿಗಳಿದ್ದವು. ಮಳೆ ಒಂದು ಹನಿಯೂ ಇರಲಿಲ್ಲ. ಕೈಗಳು ಬೀಸುತ್ತಲೇ ಇದ್ದವು.

ಕಲಘಟಗಿಯ ಟಂಟಂ ಆಟೋಗಳ ಸ್ಟ್ಯಾಂಡಿನಲ್ಲಿ ಕೆಲವರು ಇಳಿದರು, ಅದಕ್ಕಿಂತ ಹೆಚ್ಚು ಮಂದಿ ಹತ್ತಿದರು. ಹತ್ತಿದವರಲ್ಲಿ ಸರ್ಕಾರಿ ದವಾಖಾನೆಯ ನರ್ಸು ಶಗುಫ್ತಾ ಕೂಡ ಇದ್ದಳು. ಡ್ಯೂಟಿ ಮುಗಿಸಿ ದೇವಿಕೊಪ್ಪದ ದಾರಿಯಲ್ಲಿರುವ ತನ್ನೂರಿಗೆ ಹೊರಟವಳು. ಟಂಟಂ ಚಾಲಕರ ಹಿರಿಯ ಅಬ್ದುಲಗನಿ ಬಂದು ವ್ಯಾನಿನ ಮುಂದೆ ನಿಂತ.

“ಯಾವ ಲೈನ್ ಹಚ್ಚೀರ್ರಿ ಕಾಕಾ? ಇಪ್ಪತ್ತು ವರ್ಷ ಆತು ಈ ಸ್ಟ್ಯಾಂಡಿನ್ಯಾಗ ನಾವು ಬಾಯಿ ಹರಕೊಂಡು ‘ಬರ್ರಿ ಬರ್ರಿ’ ಅಂತೀವಿ. ನೀವು ಮಸೀನ ಹಚ್ಚಿ ಕರಿಯಾಕತ್ತೀರಿ. ಇದು ನ್ಯಾಯ ಏನ್ರಿ?”

“ತಮ್ಮಾ, ನಾ ನಮ್ಮಕ್ಕನ್ನ ಕರಿಯಾಕ ಹೊಂಟೇನೋ.”

ಅಬ್ದುಲಗನಿ ವ್ಯಾನಿನೊಳಗೆ ಇಣುಕಿ ನೋಡಿದ. “ಇಷ್ಟು ಮಂದಿನೂ ಸಾಲವಲ್ರೇನ್ರಿ?” ಎಂದ. ಆಮೇಲೆ ಒಂದು ಬದಿಗೆ ಹೋಗಿ ಫೋನು ಹಚ್ಚಿದ. ಅವನದೂ ಹೊಟ್ಟೆಪಾಡು, ಬೈಯುವಂತಿಲ್ಲ.

ಆ ಫೋನಿನ ಫಲ ಊರು ದಾಟಿದ ಮೇಲೆ ಒಂದು ಜೀಪಿನ ರೂಪದಲ್ಲಿ ಅಡ್ಡ ನಿಂತಿತ್ತು. ಗಾಡಿಗಳ ಕಾಗದಪತ್ರ ತಪಾಸುವ ಬ್ರೇಕ್ ಇನ್ಸ್‌ಪೆಕ್ಟರ್ ಕೆಳಗಿಳಿದು ಬಂದರು. ಗಂಟೆ ಮೂರು ದಾಟಿತ್ತು.

“ಏನ್ರೀ ಯಜಮಾನ್ರ, ಬಿಳಿ ಬೋರ್ಡಿನ ಗಾಡ್ಯಾಗ ಪ್ಯಾಸೆಂಜರ್ ಹೊಡಿಯಾಕತ್ತೀರಿ?”

“ನಾ ಯಾರನ್ನೂ ಕರದಿಲ್ರಿ ಸಾಹೇಬ್ರ.”

ಸರಿಯಾಗಿ ಆ ಕ್ಷಣಕ್ಕೆ ಗಾಜಿನ ಮೇಲಿನ ಎರಡು ಕೈಗಳೂ ಎದ್ದು ಸಾಹೇಬರನ್ನೇ ಕರೆದವು.

“ಮತ್ತ ಇದೇನ್ರಿ?”

“ವೈಪರ್ ರೀ.”

“ಮಳಿ ಎಲ್ಲೈತ್ರಿ?”

ಮಡಿವಾಳೆಪ್ಪ ಆಕಾಶ ನೋಡಿದ. ಎರಡು ತಿಂಗಳಿಂದ ಬಿಡದೆ ಹೊಡೆದ ಆಕಾಶ ಈಗ ಹಸುಗೂಸಿನ ಮುಖ ಮಾಡಿಕೊಂಡು ನಿಂತಿತ್ತು. “ಬರತೈತ್ರಿ,” ಎಂದ.

“ಮೊದಲ ಅದನ್ನ ಬಂದ್ ಮಾಡ್ರಿ.”

“ಆಗಂಗಿಲ್ರಿ. ಫ್ಯೂಜಿನ ಮ್ಯಾಲೆ ಸಣ್ಣವ್ವಾರು ಕುಂತಾರ.”

ಸಾಹೇಬರು ಸಣ್ಣವ್ವನನ್ನು ನೋಡಿದರು. ಸಣ್ಣವ್ವ ಆಧಾರ್ ಕಾರ್ಡು ತೋರಿಸಿದಳು. ಸಾಹೇಬರು ಹಣೆ ಒರೆಸಿಕೊಂಡು ಹಿಂದಿನ ಬಾಗಿಲು ತೆಗೆಸಿದರು. “ಖರೇ ಹೇಳ್ರಿ. ಈ ಮನಷ್ಯಾ ನಿಮ್ಮ ಕಡೆ ಎಷ್ಟು ತಗೊಂಡಾನ?”

ಒಳಗಿದ್ದವರಿಗೆಲ್ಲ ಒಮ್ಮೆಗೇ ಸಿಟ್ಟು ಬಂತು. ಮೊದಲು ಬಾಯಿ ತೆಗೆದವಳು ಭಾಗ್ಯಾ. “ಪಂಚಮಿಗೆ ಕರಿಯಾಕ ಬಂದ ಅಣ್ಣ ತಂಗಿ ಕಡೆ ರೊಕ್ಕ ತಗೋತಾನೇನ್ರಿ ಸಾಹೇಬ್ರ?”

“ನಿನ್ನ ಅಣ್ಣೇನವಾ ಇವರು?”

“ಹೌದ್ರಿ.”

“ನನಗೂ ಅಣ್ಣರಿ,” ಎಂದಳು ಹಿಂದಿನವಳು. “ನನಗ ತಮ್ಮ,” ಎಂದಳು ಸಣ್ಣವ್ವ. ನಿಮಿಷದಲ್ಲಿ ಇಡೀ ವ್ಯಾನು ಒಂದೇ ಬಳ್ಳಿಯ ಬಳಗವಾಯಿತು. ಸಾಹೇಬರಿಗೆ ದಾರಿ ಕಾಣದಾಯಿತು. ಅವರು ಕೊನೆಯ ಪ್ರಯತ್ನವೆಂದು ಮಡಿವಾಳೆಪ್ಪನ ಕಡೆ ತಿರುಗಿ, “ಯಜಮಾನ್ರ, ನಿಮಗ ಒಟ್ಟು ಎಷ್ಟು ಮಂದಿ ತಂಗ್ಯಾರು?” ಎಂದು ಕೇಳಿದರು.

“ತಂಗಿ ಒಬ್ಬಾಕಿನೂ ಇಲ್ರಿ,” ಎಂದ ಮಡಿವಾಳೆಪ್ಪ. “ಅಕ್ಕ ಒಬ್ಬಾಕಿ ಅದಾಳ್ರಿ, ದೇವಿಕೊಪ್ಪದಾಗ.”

ವ್ಯಾನಿನಲ್ಲಿ ಅಷ್ಟೂ ಮಂದಿ ಹಣೆ ಬಡಿದುಕೊಂಡ ಸದ್ದು ಕೇಳಿಸಿತು. ಸುಳ್ಳು ಹೇಳಬಾರದು ಎಂಬುದು ಒಳ್ಳೆಯ ನಿಯಮವೇ. ಆದರೆ ಎಲ್ಲ ನಿಯಮವನ್ನೂ ಬ್ರೇಕ್ ಇನ್ಸ್‌ಪೆಕ್ಟರ್ ಮುಂದೆಯೇ ಪಾಲಿಸಬೇಕೆಂದಿಲ್ಲ.

ಆಗ ಶಗುಫ್ತಾ ಕೆಳಗಿಳಿದಳು. “ಸರ್, ಒಂದ್ ನಿಮಿಷ. ಹ್ವಾದ ವರ್ಷ ಇವರ ಅಕ್ಕನ ಮುಂಗೈ ಮುರದಾಗ ಪಟ್ಟಿ ಹಾಕಿದಾಕಿ ನಾನ ರೀ. ಆಕಿಗಿಂತ ಜೋರಾಗಿ ಅತ್ತಾಂವ ಈ ಮನಷ್ಯಾ. ಮಳಿಯಾಗ ಕಾಣಲಿಲ್ಲಂತ ಬಿದ್ದಿದ್ರು. ಅದಕ್ಕ ಈ ವೈಪರ್ ಮಾಡ್ಕೊಂಡಾರ. ನಾಕು ಗಂಟೇದೊಳಗ ಹೋಗಲಿಲ್ಲಂದ್ರ ಅವರ ಮಾವ, ಅಕ್ಕನ ಗಂಡ, ಆಕಿನ್ನ ಕಳಸಂಗಿಲ್ಲ. ಈಗ ಮೂರೂ ಇಪ್ಪತ್ತು.”

ಸಾಹೇಬರು ಕೆಂಪು ಕೈಗಳನ್ನು ಸ್ವಲ್ಪ ಹೊತ್ತು ನೋಡಿದರು. ಅವು ಎದ್ದವು, ಬಾಗಿದವು. ಸಣ್ಣವ್ವ ಕಿಟಕಿಯಿಂದ ಕತ್ತು ಹೊರಹಾಕಿ, “ನೀ ನಿನ್ನ ತಂಗೀನ ಕರಕೊಂಡು ಬಂದಿಯೇನೋ ಯಪ್ಪಾ?” ಎಂದು ಕೇಳಿದಳು. ಸಾಹೇಬರು ರಸೀದಿ ಪುಸ್ತಕವನ್ನು ಬಗಲಿಗೆ ಸೇರಿಸಿ, “ಹೋಗ್ರಿ. ಆದ್ರ ಬರೂಮುಂದ ಈ ಕೈ ತಾನ ತಾನ ಬೀಸೂದು ಕಂಡ್ರ ಗಾಡಿ ಹಿಡೀತೀನಿ,” ಎಂದರು. ವ್ಯಾನು ಹೊರಟಾಗ ಅವರು ಜೀಪಿನ ಮರೆಗೆ ಹೋಗಿ ಫೋನು ಕಿವಿಗಿಟ್ಟುಕೊಂಡಿದ್ದರು.

ಒಬ್ಬೊಬ್ಬರೇ ಇಳಿಯುತ್ತ ಹೋದರು. ಶಗುಫ್ತಾ ಇಳಿದಳು. ಭಾಗ್ಯಾ ಇಳಿಯುವಾಗ ತನ್ನ ಗಂಟಿನಿಂದ ಎರಡು ಸಜ್ಜೆರೊಟ್ಟಿ ತೆಗೆದು ಅವನ ಮಡಿಲಿಗೆ ಹಾಕಿ, “ಬರ್ತೀನಣ್ಣಾ,” ಎಂದಳು. ಮಧ್ಯಾಹ್ನ ಹತ್ತಿದಾಗ ಕಾಕಾ ಎಂದಿದ್ದಳು.

ದೇವಿಕೊಪ್ಪದಲ್ಲಿ ಸಾವಿತ್ರೆವ್ವ ಒಂದು ಗಂಟೆಯಿಂದ ಕಟ್ಟೆಯ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಸುಭಾಸಪ್ಪ ಕೈಗಡಿಯಾರ ನೋಡುತ್ತಿದ್ದ. ಓಣಿಯ ಆ ತುದಿಯಲ್ಲಿ ವ್ಯಾನು ಕಂಡಾಗ ಗಂಟೆ ಮೂರೂ ಐವತ್ತು. ಯಾರ ಗಾಡಿ ಎಂದು ಸುಭಾಸಪ್ಪನಿಗೆ ತಿಳಿಯುವ ಮೊದಲೇ ಸಾವಿತ್ರೆವ್ವ ಚೀಲ ಎತ್ತಿಕೊಂಡು ಅಂಗಳಕ್ಕಿಳಿದಿದ್ದಳು.

ಸಣ್ಣವ್ವ ಕೊನೆಗೂ ಸೀಟಿನಿಂದ ಎದ್ದಳು. ಮಡಿವಾಳೆಪ್ಪ ಫ್ಯೂಜು ಕಿತ್ತ. ಎರಡೂವರೆ ತಾಸು ತಾಲೂಕಿನ ಹೆಂಗಸರನ್ನೆಲ್ಲ ಕರೆದು ದಣಿದ ಕೈಗಳು ಗಾಜಿನ ಮೇಲೆ ಮಲಗಿದವು.

“ಟೈಮಿಗೆ ಬಂದಿ. ಅದು ಸರಿ,” ಎಂದ ಸುಭಾಸಪ್ಪ. “ಈಗ ಗಾಡಿ ತಪಾಸ ಆಗಬೇಕು.” ಒಳಗಿನಿಂದ ಒಂದು ಕೊಡ ನೀರು ತಂದು ಗಾಜಿನ ಮೇಲೆ ಸುರುವಿದ. “ಹೂಂ, ಹಚ್ಚು.”

ಮಡಿವಾಳೆಪ್ಪ ಫ್ಯೂಜು ಹಾಕಿದ. ಮೋಟಾರು ಒಮ್ಮೆ ಗುರ್ರೆಂದಿತು, ಒಮ್ಮೆ ಕೆಮ್ಮಿತು, ಆಮೇಲೆ ಸುಟ್ಟ ವಾಸನೆ ಬಂತು. ಹತ್ತಿ ಹೊಲಕ್ಕೆ ಔಷಧ ಹೊಡೆಯಲು ಹುಟ್ಟಿದ ಮೋಟಾರು ಇಷ್ಟು ಸಮಾಜಸೇವೆಯನ್ನು ಎಂದೂ ಮಾಡಿರಲಿಲ್ಲ. ಕೈಗಳು ಅಲುಗಲಿಲ್ಲ. ಆಗ, ಮಧ್ಯಾಹ್ನವೆಲ್ಲ ತಡೆದುಕೊಂಡಿದ್ದ ಮಳೆ, ಇದಕ್ಕೇ ಕಾದಿದ್ದಂತೆ ದಬದಬ ಸುರಿಯತೊಡಗಿತು.

“ಟ್ರಿಪ್ ಕ್ಯಾನ್ಸಲ್,” ಎಂದ ಸುಭಾಸಪ್ಪ. “ಸಾವಿತ್ರಿ, ಒಳಗ ನಡಿ.”

ಮಡಿವಾಳೆಪ್ಪ ನಲವತ್ತು ವರ್ಷದಲ್ಲಿ ಮೊದಲ ಸಲ ಬರಿಗೈಯಲ್ಲಿ ತಿರುಗಿ ಹೋಗಬೇಕು. ಇಮಾಮುದ್ದೀನನ ಅರ್ಧ ತಾಸು ನೆನಪಾಯಿತು. ಹಿಂತಿರುಗಿ ನೋಡಿದರೆ ಅಂಗಳದಲ್ಲಿ ಅಕ್ಕ ಇರಲಿಲ್ಲ. ಅವಳು ವ್ಯಾನಿನೊಳಗೆ, ಚಾಲಕನ ಹಿಂದಿನ ಸೀಟಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

“ನಾಕರೊಳಗ ಗಾಡಿ ಬಂತು. ನಾ ಹತ್ತೇನಿ,” ಎಂದಳು ಸಾವಿತ್ರೆವ್ವ. “ಹತ್ತಿದ ಪ್ಯಾಸೆಂಜರಿನ್ನ ನಡಕ ಇಳಸೂ ರೂಲ್ ನಿಮ್ಮ ಪುಸ್ತಕದಾಗ ಐತೇನ್ರಿ?”

“ಮತ್ತ ಕೈ ಮುರಕೋತಿಯೇನು?” ಎಂದು ಸುಭಾಸಪ್ಪ ಕೂಗಿದ. ಕೂಗಿದ ರಭಸಕ್ಕೆ ಅವನ ಕುರ್ಚಿ ಉರುಳಿ, ಅದರ ಕೆಳಗಿನಿಂದ ಏನೋ ಹೊರಬಿತ್ತು. ಹೊಸ ಹಗ್ಗದ ಸುರುಳಿ. ಉದ್ದದ, ನುಣ್ಣಗಿನ ಹಗ್ಗ.

“ಇದೇನ್ರಿ ಮಾವಾರ?” ಎಂದ ಮಡಿವಾಳೆಪ್ಪ.

ಸುಭಾಸಪ್ಪ ಹಗ್ಗ ಎತ್ತಿಕೊಂಡು ಮುಖ ಆಚೆ ತಿರುಗಿಸಿದ. ಟಿಕೀಟಿಲ್ಲದೆ ಸಿಕ್ಕಿಬಿದ್ದ ಪ್ರಯಾಣಿಕನ ದನಿಯಲ್ಲಿ ಹೇಳಿದ. “ಜೋಕಾಲಿ ಹಗ್ಗ. ಇಲ್ಲೇ ಹಿತ್ತಲದಾಗ ಕಟ್ಟಬೇಕಂತ ತಂದಿದ್ನಿ. ನಲವತ್ತು ವರ್ಷ ಆತು, ಪ್ರತಿ ಪಂಚಮಿಗೆ ಈಕಿ ತವರಿಗೆ. ಇಡೀ ಊರು ಜೀಕತೈತಿ, ನಾ ಒಬ್ಬಾಂವ ಕುಂತು ತಣ್ಣನ್ನ ರೊಟ್ಟಿ ತಿಂತೀನಿ. ಮೊದಲ ಡ್ಯೂಟಿ ಇರ್ತಿತ್ತು, ಹೊತ್ತು ಹೋಗ್ತಿತ್ತು. ಈಗ ಮನಿ ಬಣಬಣ ಅಂತೈತೋ.”

ಸಾವಿತ್ರೆವ್ವ ಗಂಡನನ್ನು ಹೊಸಬನಂತೆ ನೋಡಿದಳು. “ಇಷ್ಟು ವರ್ಷ ಬಾಯಿ ಬಿಟ್ಟು ಹೇಳಬಾರದ ಇದನ್ನ?” ಎಂದಳು.

ಮಡಿವಾಳೆಪ್ಪ ಮಾತ್ರ ಹಗ್ಗವನ್ನೇ ನೋಡುತ್ತಿದ್ದ. ಅವನ ಜೀವಮಾನದ ಒಂದೇ ಒಂದು ಕೆಲಸಕ್ಕೆ ಬರುವ ವಿಚಾರ ಆ ಹೊತ್ತಿಗೆ ಹುಟ್ಟಿತು. ಹಗ್ಗದ ಎರಡು ಎಳೆ ಬಿಚ್ಚಿದ. ಗಿಯರಿನ ಮೊಳೆ ಕಿತ್ತು ಕಡ್ಡಿಗಳನ್ನು ಸಡಿಲ ಮಾಡಿ, ಅವಕ್ಕೆ ಎಳೆಗಳನ್ನು ಕಟ್ಟಿದ. ಒಂದು ಎಳೆಯನ್ನು ಎಡಗಿಟಕಿಯಿಂದ ಒಳಗೆ ತಂದ, ಇನ್ನೊಂದನ್ನು ಬಲಗಿಟಕಿಯಿಂದ ತಂದು ತನ್ನ ಹೆಗಲ ಮೇಲೆ ಹಾಯಿಸಿ ಅಕ್ಕನ ಕೈಗೆ ಕೊಟ್ಟ. ಅಕ್ಕ ಎಳೆದಳು. ಕೆಂಪು ಕೈಗಳು ಎದ್ದು ನಿಂತವು.

“ಬಿದ್ದು ಏಳಬೇಕಂದ್ರ ಎಡಗಡೆ ಒಬ್ಬರು ಎಳೀಬೇಕ್ರಿ, ಮಾವಾರ.”

“ಯಾರು?”

ಸಾವಿತ್ರೆವ್ವ ಕಿಟಕಿಯ ಹೊರಗೆ ನೋಡುತ್ತ ಕೂತಳು.

“ಪಂಚಮಿಗೆ ಹೇಣ್ತಿ ಬೆನ್ನ ಹತ್ತಿ ಬೀಗರ ಮನಿಗೆ ಹೋದ್ರ ಮಂದಿ ಏನಂದಾರು?” ಎಂದ ಸುಭಾಸಪ್ಪ.

“ಡ್ಯೂಟಿ ಮ್ಯಾಲೆ ಬಂದೀನಿ ಅನ್ರಿ,” ಎಂದಳು ಸಾವಿತ್ರೆವ್ವ.

ಸುಭಾಸಪ್ಪ ಒಳಗೆ ಹೋದ. ಬಂದಾಗ ಮೈಮೇಲೆ ಖಾಕಿ ಕೋಟಿತ್ತು, ಕೊರಳಲ್ಲಿ ಬಸ್ಸು ನಿಲ್ಲಿಸಲು ಊದುತ್ತಿದ್ದ ಹಳೆಯ ಸೀಟಿ ಇತ್ತು. ಮನೆಗೆ ಕೀಲಿ ಹಾಕಿ, ಎರಡು ಸಲ ಎಳೆದು ನೋಡಿ, ಸಣ್ಣವ್ವ ಬಿಸಿ ಮಾಡಿಟ್ಟಿದ್ದ ಸೀಟಿನಲ್ಲಿ ಕೂತು ಹಗ್ಗ ಹಿಡಿದ. ಎರಡು ಸೀಟಿ ಊದಿದ. ವ್ಯಾನು ಹೊರಟಿತು.

ಮೊದಲ ಅರ್ಧ ಮೈಲಿ ಗಂಡ ಹೆಂಡತಿ ಇಬ್ಬರೂ ಒಮ್ಮೆಗೇ ಎಳೆದರು. ಕೈಗಳು ನಡುವೆ ನಿಂತು ನಡುಗಿದವು. “ನಾ ಎಳಿಯೂಮುಂದ ನೀ ಬಿಡಬೇಕು,” ಎಂದ ಅವನು. “ನೀವು ಎಂದರ ಬಿಟ್ಟೀರೇನು?” ಎಂದಳು ಅವಳು. ಆಮೇಲೆ ಒಂದು ಸಲ ಸೀಟಿ ಊದಿದರೆ ಅವನು ಎಳೆಯುವುದು, ಮತ್ತೊಂದು ಸಲ ಊದಿದರೆ ಅವಳು ಎಂದು ಹೊಂದಿಕೆಯಾಯಿತು. ಮಜ್ಜಿಗೆ ಕಡೆದಂತೆ ಹದ ಹತ್ತಿತು. ಕಲಘಟಗಿಯ ಹತ್ತಿರ ಮರದ ಕೆಳಗೆ ನಿಂತಿದ್ದ ಬ್ರೇಕ್ ಇನ್ಸ್‌ಪೆಕ್ಟರ್, ಖಾಕಿ ಕೋಟಿನ ಮುದುಕ ಸೀಟಿ ಊದುತ್ತ ವೈಪರ್ ಎಳೆಯುವುದನ್ನು ನೋಡಿ ತಮಗೆ ಅರಿವಿಲ್ಲದೆ ಸಲಾಮು ಹೊಡೆದರು.

“ತಮ್ಮಾ,” ಎಂದಳು ಸಾವಿತ್ರೆವ್ವ ಹಿಂದಿನಿಂದ. ಮುರಿದು ಕೂಡಿದ ಅದೇ ಬಲಗೈಯಲ್ಲಿ ಹಗ್ಗ ಹಿಡಿದಿದ್ದಳು. “ನನ್ನ ಮದಿವ್ಯಾಗ ಕಂಬದ ಮ್ಯಾಲಿಂದ ಹಿಂಗ ಬೀಸಿದ್ಯಲ್ಲ. ನಾ ಹಿಂದ ತಿರುಗಿ ಬೀಸಿದ್ನೋ, ನಿನಗ ಕಂಡಿತ್ತೋ ಇಲ್ಲೋ. ಇವತ್ತ ಓಣಿ ತುದಿಗೆ ಆ ಕೆಂಪ ಕೈ ನೋಡಿದ್ನೆಲ್ಲ, ಗಾಡಿ ನೋಡಲೇ ಇಲ್ಲ ನಾ. ಅವತ್ತ ಕಳಿಸಿದ ಕೈ ಕರಿಯಾಕ ಬಂತಂತ ಹೇಳಿ ಎದ್ದಬಿಟ್ನಿ.”

ವ್ಯಾನು ರಸ್ತೆಯ ಬದಿಗೆ ನಿಂತಿತು.

“ಯಾಕ ನಿಂತಿತೋ?” ಎಂದು ಸುಭಾಸಪ್ಪ ಗದರಿದ. “ನಾ ಬರೋಬ್ಬರಿ ಎಳಿಯಾಕತ್ತೀನಿ! ಗಾಜು ಅಗದಿ ಸ್ವಚ್ಛೈತಿ!”

“ಹೌದ್ರಿ ಮಾವಾರ,” ಎಂದು ಮಡಿವಾಳೆಪ್ಪ ಚಾಳೀಸು ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡ. “ಗಾಜಿಂದಲ್ರಿ.”

ದೀಪ ಹಚ್ಚುವ ಹೊತ್ತಿಗೆ ಅವರು ದುಮ್ಮವಾಡ ಮುಟ್ಟಿದರು. ಗಿರಿಜವ್ವ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತವಳು ಖಾಕಿ ಕೋಟು ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು. “ಅಕ್ಕನ್ನ ಕರಕೊಂಡು ಬರ್ರಿ ಅಂದ್ರ ಚೆಕಿಂಗ್ ಸ್ಕ್ವಾಡ್ ಕರಕೊಂಡು ಬಂದೀರಲ್ರೀ,” ಎಂದಳು. ಆಮೇಲೆ ನಗುತ್ತ ಒಳಗೆ ಹೋಗಿ ಇನ್ನೊಂದು ಮಣೆ ಹಾಕಿದಳು. ರಾತ್ರಿ ಕತ್ತು ಹೊರಳದ ಫ್ಯಾನನ್ನು ಬೀಗರ ಕಡೆಗೆ ತಿರುಗಿಸಿ ಇಟ್ಟಳು.

ಪಂಚಮಿಯ ದಿನ ಎಳೆಗಳನ್ನು ಮತ್ತೆ ಹೊಸೆದು ಹಿತ್ತಲಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದರು. ಸಾವಿತ್ರೆವ್ವ ಎರಡೂ ಕೈಯಲ್ಲಿ ಹಗ್ಗ ಹಿಡಿದು ಕೂತಳು. ಸುಭಾಸಪ್ಪ ಪ್ರತಿ ಜೀಕಿಗೂ ಸೀಟಿ ಊದುತ್ತ ಹಿಂದಿನಿಂದ ನೂಕಿದ. ಓಣಿಯ ಹೆಂಗಸರೆಲ್ಲ ನೋಡಲು ಬಂದರು. ಯಾರು ಏನಂದರು ಎಂಬುದನ್ನು ಅವನು ಕೇಳಿಸಿಕೊಂಡಂತೆ ಕಾಣಲಿಲ್ಲ.

ಆಗಲೇ ಇಮಾಮುದ್ದೀನ ಹಬ್ಬದ ಉಂಡಿ ತಿನ್ನಲು ಬಂದವನು ವ್ಯಾನಿನ ಸುತ್ತ ಒಂದು ಸುತ್ತು ಹಾಕಿದ. ಸುಟ್ಟ ಮೋಟಾರು, ತೂಗುತ್ತಿದ್ದ ಮೊಳೆ, ಕೆಂಪು ಕೈಗವಸು ಎಲ್ಲ ನೋಡಿ ಸಮಾಧಾನದಿಂದ ಹೇಳಿದ, “ಆತು ಬಿಡ್ರಿ ಕಾಕಾ. ನಾಳೆ ಹುಬ್ಬಳ್ಳಿಂದ ಹೊಸಾ ಮೋಟಾರ ತರಸ್ತೀನಿ. ಅರ್ಧಾ ತಾಸಿನ ಕೆಲಸ.”

ಸೋತ ಮಡಿವಾಳೆಪ್ಪ ತಲೆ ಆಡಿಸಿ ಹೂಂ ಎನ್ನುವುದರಲ್ಲಿದ್ದ. ಅಷ್ಟರಲ್ಲಿ ಜೋಕಾಲಿಯ ಹಿಂದಿನಿಂದ ಸೀಟಿ ಜೋರಾಗಿ ಕೇಳಿಸಿತು.

“ಏ ಇಮಾಮಾ!” ಎಂದು ಕೂಗಿದ ಸುಭಾಸಪ್ಪ. “ಆ ಗಾಡಿ ಮುಟ್ಟಿದ್ರ ನೋಡು! ಅದಕ್ಕೇನೂ ಆಗಿಲ್ಲ. ಮುಂದಿನ ವರ್ಷಾನೂ ಹಗ್ಗ ಎಳಿಯಾಕ ಒಬ್ಬ ಮನಷ್ಯಾ ಬೇಕು.”